ಹಡಗು ಕಟ್ಟಿದ ನೆಲ



ನಾನು ಸಾರವಾಡದವನು. ನಮ್ಮೂರ ಬದಿಯಲ್ಲಿ ಹರಿಯುವ ಹಳ್ಳದಂಥ ಹೊಳೆಗೆ ಡೋಣಿ ಎಂದು ಹೆಸರು. ಹೆಸರು ಡೋಣಿಯಾದರೂ ಅದರಲ್ಲಿ ದೋಣಿ ತೇಲಿದ್ದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಬೇಸಿಗೆಯಲ್ಲಿ ಅದು ಸಣ್ಣ ಗೆರೆಯಾಗಿ ಹರಿಯುತ್ತದೆ. ನೀರನ್ನು ಬಾಯಿಗೆ ಹಾಕಿದರೆ ಉಪ್ಪು ಉಪ್ಪು. ಮಳೆ ಹಿಡಿದರೆ ಒಂದೇ ರಾತ್ರಿಯಲ್ಲಿ ಉಕ್ಕಿ ಬಂದು ಹೊಲಗಳನ್ನು ಮುಚ್ಚುತ್ತದೆ. ನೀರು ಇಳಿದ ಮೇಲೆ ಉಳಿದ ಎರೆಯ ಮಣ್ಣಿನಲ್ಲಿ ಜೋಳ ಆಳೆತ್ತರ ಬೆಳೆಯುತ್ತದೆ. ಇಷ್ಟೇ ನಮ್ಮ ಜಲಸಂಪತ್ತು. ಸಮುದ್ರ ಕಾಣಬೇಕಾದರೆ ನಾವು ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ ಸವೆಸಬೇಕು.

ಇಂಥ ಊರಿನ ಕನ್ನಡ ಮಾಸ್ತರನೊಬ್ಬ ಹಡಗು ಕಟ್ಟುವ ನೆಲೆಗಳನ್ನು ಕುರಿತು ಮಾತನಾಡಲು ಬಂದಿದ್ದಾನೆ ಎಂದರೆ ತಮಗೆ ನಗು ಬರಬಹುದು. ನನ್ನ ಮನೆಯಲ್ಲಿಯೂ ನಕ್ಕರು. ಆದರೆ ತಾವು ಒಂದು ಕ್ಷಣ ತಮ್ಮ ಮನೆಯ ಮಾತನ್ನೇ ಕಿವಿಗೊಟ್ಟು ಕೇಳಿಕೊಳ್ಳಿರಿ. ಬಾಗಿಲಿಗೆ ಹಾಕುವ ಬೀಗದ ಕೈಯನ್ನು ನಾವು ಚಾವಿ ಎನ್ನುತ್ತೇವೆ. ತಿಂಗಳ ಸಂಬಳವನ್ನು ಪಗಾರ ಎನ್ನುತ್ತೇವೆ. ಸಂತೆಯಿಂದ ಬಟಾಟಿ ತರುತ್ತೇವೆ. ಈ ಮೂರೂ ಪೋರ್ತುಗೀಜರ ಮಾತುಗಳು. ಅವು ಹಡಗೇರಿ ಬಂದು, ಘಟ್ಟ ಹತ್ತಿ, ನಮ್ಮ ಎರೆಯ ನೆಲದಲ್ಲಿ ಬೇರೂರಿದವು. ನಮ್ಮ ರೊಟ್ಟಿಯ ಜೊತೆಗಿನ ಮೆಣಸಿನಕಾಯಿ ಸಹ ಹಾಗೆಯೇ ಬಂದದ್ದು. ಕಡಲಿಗೂ ನಮಗೂ ಸಂಬಂಧವಿಲ್ಲ ಎನ್ನುವುದು ನಮ್ಮ ಮರೆವು, ಅಷ್ಟೆ.

ಇನ್ನೊಂದು ಮಾತು. ಹಡಗು ಎಂಬ ಶಬ್ದ ಹಳಗನ್ನಡದಲ್ಲಿ ಪಡಗು ಎಂದಿತ್ತು. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಡಗು ಹಡಗಾಯಿತು. ತಮಿಳರು ಇಂದಿಗೂ ಅದನ್ನು ಪಡಗು ಎಂದೇ ಕರೆಯುತ್ತಾರೆ. ಭೈತ್ರವೆಂಬ ಇನ್ನೊಂದು ಹೆಸರೂ ನಮ್ಮ ಹಳೆಯ ಕಾವ್ಯಗಳಲ್ಲಿ ಉಂಟು. ಒಂದು ವಸ್ತುವಿನ ಹೆಸರು ಭಾಷೆಯಲ್ಲಿ ಇಷ್ಟು ಹಳೆಯದಾಗಿದ್ದರೆ ಆ ವಸ್ತುವಿನ ಬಳಕೆಯೂ ಹಳೆಯದೇ ಆಗಿರಬೇಕಲ್ಲವೆ?

ಮೊದಲು ನಮ್ಮ ವಿಜಯಪುರದ ಮಾತನ್ನೇ ತೆಗೆದುಕೊಳ್ಳೋಣ. ಯೂಸುಫ್ ಆದಿಲ್‌ಶಾಹ ಕಟ್ಟಿದ ರಾಜ್ಯಕ್ಕೆ ಪಡುಗಡಲ ದಂಡೆಯಿತ್ತು. ಗೋವೆ ಅವನ ಬಂದರು. ಅರಬಸ್ಥಾನದ ಕುದುರೆಗಳು ಅಲ್ಲಿಯೇ ಇಳಿದು ಇತ್ತ ಬರುತ್ತಿದ್ದವು. ಮಾಂಡೋವಿ ನದಿಯ ದಂಡೆಯ ಮೇಲೆ ಅವನ ಹಡಗುಕಟ್ಟೆಯಿತ್ತು. 1510ರಲ್ಲಿ ಪೋರ್ತುಗೀಜರ ಆಲ್ಬುಕರ್ಕನು ಹೊನ್ನಾವರದ ತಿಮ್ಮೋಜನೆಂಬ ಕಡಲ ನಾಯಕನ ನೆರವಿನಿಂದ ಗೋವೆಯನ್ನು ಹಿಡಿದಾಗ, ಆ ಕಟ್ಟೆಯಲ್ಲಿ ಕಟ್ಟುತ್ತಿದ್ದ ಹಡಗುಗಳೂ ಅವನ ಕೈಸೇರಿದವು. ಒಮ್ಮೆ ಕಳೆದುಕೊಂಡು, ಅದೇ ವರ್ಷದ ನವೆಂಬರ್ 25ರಂದು ಮತ್ತೆ ಗೆದ್ದುಕೊಂಡ ಮೇಲೆ ಅವನು ಹೊಸ ಜಾಗ ಹುಡುಕಲಿಲ್ಲ. ಆದಿಲ್‌ಶಾಹನ ಕಟ್ಟೆಯನ್ನೇ ಮುಂದುವರಿಸಿದನು. ಅಲ್ಲಿಯ ಬಡಗಿಗಳನ್ನೇ ಕೆಲಸಕ್ಕೆ ಹಚ್ಚಿದನು. ಪೋರ್ತುಗೀಜರ ಹೆಸರುವಾಸಿಯಾದ ಗೋವೆಯ ನೌಕಾಗಾರದ ಮೊದಲ ಒಡೆಯರು ನಮ್ಮ ವಿಜಯಪುರದವರು. ಇಂದು ಹಳೆಯ ಗೋವೆಗೆ ಹೋದವರು ಚರ್ಚುಗಳನ್ನು ನೋಡಿ ಬರುತ್ತಾರೆ. ಆ ಚರ್ಚುಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆದಿಲ್‌ಶಾಹನ ಅರಮನೆಯದೆಂದು ತೋರಿಸುವ ಒಂದು ಕಲ್ಲಿನ ಬಾಗಿಲುವಾಡ ಸಂತ ಕಯೆತಾನೋ ಚರ್ಚಿನ ಬಳಿ ಒಂಟಿಯಾಗಿ ನಿಂತಿದೆ. ಬಾಗಿಲು ಉಂಟು, ಮನೆಯಿಲ್ಲ. ಹಡಗು ಕಟ್ಟಿದ ದಂಡೆಯನ್ನು ಕೇಳಿಕೊಂಡು ಹೋಗುವವರು ಇನ್ನೂ ಕಡಿಮೆ.

ಇನ್ನು ಕರ್ನಾಟಕದ ಕರಾವಳಿಗೆ ಬರೋಣ. ಇಂದಿನ ನನ್ನ ಮಾತಿನ ಮುಖ್ಯ ವಿಷಯ ಅದೇ.

1763ರಲ್ಲಿ ಹೈದರ್ ಅಲಿಯು ಕೆಳದಿಯ ಅರಸರ ಬಿದನೂರನ್ನು ಗೆದ್ದುಕೊಂಡನು. ಅದರೊಡನೆ ಮಂಗಳೂರು, ಹೊನ್ನಾವರ ಮೊದಲಾದ ಬಂದರುಗಳು ಅವನವಾದವು. ಕುದುರೆಯ ಬೆನ್ನ ಮೇಲೆ ಬೆಳೆದ ಈ ದಳವಾಯಿಗೆ ಕಡಲನ್ನು ಕಂಡೊಡನೆಯೇ ಒಂದು ಮಾತು ಹೊಳೆಯಿತು. ಇಂಗ್ಲಿಷರ ಬಲವಿರುವುದು ನೆಲದ ಮೇಲಲ್ಲ, ನೀರಿನ ಮೇಲೆ. ಅವರು ಮುಂಬಯಿಯಿಂದ ಮದರಾಸಿಗೆ, ಮದರಾಸಿನಿಂದ ಕಲಕತ್ತೆಗೆ ಸೈನ್ಯವನ್ನೂ ಅಕ್ಕಿಯನ್ನೂ ಹಡಗಿನಲ್ಲಿ ಸಾಗಿಸುತ್ತಾರೆ. ನೆಲದಲ್ಲಿ ಎಷ್ಟು ಸಲ ಸೋಲಿಸಿದರೂ ನೀರಿನಿಂದ ಮತ್ತೆ ಎದ್ದು ಬರುತ್ತಾರೆ. ಆದುದರಿಂದ ಹಡಗುಗಳು ಬೇಕು. ಅವನು ಮಂಗಳೂರು, ಹೊನ್ನಾವರಗಳಲ್ಲಿ ಯುದ್ಧನೌಕೆಗಳನ್ನು ಕಟ್ಟಿಸತೊಡಗಿದನು.

ಆದರೆ ಹಡಗು ಕಟ್ಟುವುದು ಬೇರೆ, ನೌಕಾದಳವನ್ನು ಕಟ್ಟುವುದು ಬೇರೆ. ಅವನು ಕುದುರೆ ಸವಾರ ಪಡೆಯ ಅಧಿಕಾರಿಯೊಬ್ಬನನ್ನು ಹಡಗುಗಳ ಮೇಲೆ ಮುಖ್ಯಸ್ಥನನ್ನಾಗಿ ಇಟ್ಟನು. ಕಡಲನ್ನೇ ನಂಬಿ ಬದುಕಿದ ಕಪ್ತಾನರಿಗೆ ಇದು ಸೇರಲಿಲ್ಲ. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ದಂಡು ಬಂದಾಗ ಕೆಲವರು ಹಡಗುಗಳ ಸಮೇತ ಅವರ ಕಡೆಗೇ ಹೋದರು. ಹೊನ್ನಾವರ, ಮಂಗಳೂರುಗಳು ಇಂಗ್ಲಿಷರ ಕೈಸೇರಿದವು. ಹೈದರನು ಅದೇ ವರ್ಷ ಊರುಗಳನ್ನು ಮರಳಿ ಪಡೆದನು, ಹಡಗುಗಳು ಮರಳಲಿಲ್ಲ. ಛಲ ಬಿಡದೆ ಮತ್ತೆ ಕಟ್ಟಿಸಿದನು. 1780ರ ಡಿಸೆಂಬರಿನಲ್ಲಿ ಇಂಗ್ಲಿಷರ ನೌಕಾಧಿಪತಿ ಎಡ್ವರ್ಡ್ ಹ್ಯೂಸನು ಮಂಗಳೂರಿನ ಮುಂದೆ ಬಂದು ಆ ಹಡಗುಗಳನ್ನೂ ನಾಶಮಾಡಿದನು. ಒಬ್ಬನೇ ಮನುಷ್ಯ ಎರಡು ಸಲ ನೌಕಾದಳವನ್ನು ಕಟ್ಟಿ ಎರಡು ಸಲ ಕಳೆದುಕೊಂಡನು. 1782ರ ಡಿಸೆಂಬರಿನಲ್ಲಿ ಅವನು ತೀರಿಕೊಂಡನು.

ಮಗ ಟಿಪ್ಪುಸುಲ್ತಾನನು 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವನ್ನು ಮಾಡಿಕೊಂಡನು. ಗುರುಪುರ ನದಿಯ ಮುಖದಲ್ಲಿ, ಬೋಳೂರಿನಲ್ಲಿ, ಕರಿಯ ಕಲ್ಲಿನ ಒಂದು ಕಾವಲು ಬುರುಜು ಅದೇ ಕಾಲದಲ್ಲಿ ಎದ್ದಿತು. ಹಗೆಯ ಹಡಗು ನದಿಯೊಳಕ್ಕೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಇಂದಿಗೂ ಅದನ್ನು ಸುಲ್ತಾನ್ ಬತ್ತೇರಿ ಎನ್ನುತ್ತಾರೆ.

1792ರ ಸೋಲಿನಲ್ಲಿ ಟಿಪ್ಪು ಅರ್ಧ ರಾಜ್ಯವನ್ನೇ ಬಿಟ್ಟುಕೊಡಬೇಕಾಯಿತು. ಮಲಬಾರಿನ ದಂಡೆ ಹೋಯಿತು. ಕನ್ನಡ ಜಿಲ್ಲೆಯ ದಂಡೆ ಉಳಿಯಿತು. ಉಳಿದ ಈ ದಂಡೆಯನ್ನು ಮುಂದಿಟ್ಟುಕೊಂಡು 1796ರಲ್ಲಿ ಅವನು ಒಂದು ಹುಕುಂನಾಮೆ ಹೊರಡಿಸಿದನು. ಶ್ರೀರಂಗಪಟ್ಟಣದ ಪತನವಾದ ಮೇಲೆ ಅವನ ಅರಮನೆಯ ಕಾಗದಪತ್ರಗಳಲ್ಲಿ ದೊರೆತು, ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿಯು 1811ರಲ್ಲಿ ಅಚ್ಚುಹಾಕಿಸಿದ ಪುಸ್ತಕದಲ್ಲಿ ಅದರ ಸಾರವಿದೆ. ಅದರ ಪ್ರಕಾರ ಒಟ್ಟು 40 ಹಡಗುಗಳು ಆಗಬೇಕು. 20 ದೊಡ್ಡ ಯುದ್ಧನೌಕೆಗಳು, 20 ವೇಗದ ನೌಕೆಗಳು. ದೊಡ್ಡವುಗಳಲ್ಲಿ ಕೆಲವಕ್ಕೆ 72 ತೋಪು, ಕೆಲವಕ್ಕೆ 62 ತೋಪು. ವೇಗದವಕ್ಕೆ 46 ತೋಪು. ಇವನ್ನು ಕಟ್ಟಲು ಮೂರು ನೆಲೆಗಳು. ಮೊದಲನೆಯದು ಮಂಗಳೂರು, ಅದಕ್ಕೆ ಆರು ದೊಡ್ಡವು, ಆರು ಚಿಕ್ಕವು. ಎರಡನೆಯದಕ್ಕೆ ವಾಜಿದಾಬಾದ್ ಎಂದು ಹೆಸರು. ಅದನ್ನು ಮಿರ್ಜಾನಿನ ಹಿನ್ನೀರ ಬದಿಯೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅದಕ್ಕೆ ಏಳು ಮತ್ತು ಏಳು. ಮೂರನೆಯದು ಕಾಳೀನದಿಯ ಮುಖದ ಸದಾಶಿವಗಡದ ಹತ್ತಿರ. ಅದಕ್ಕೂ ಏಳು ಮತ್ತು ಏಳು. ಇವುಗಳ ಆಡಳಿತಕ್ಕೆ ಮೀರ್ ಯಮ್ ಎಂಬ 11 ಜನ ಮೇಲಧಿಕಾರಿಗಳು, ಮೀರ್ ಬಹರ್ ಎಂಬ 30 ಜನ ನೌಕಾಧಿಪತಿಗಳು. ಯಮ್ ಎಂದರೂ ಬಹರ್ ಎಂದರೂ ಅರಬಿಯಲ್ಲಿ ಸಮುದ್ರವೆಂದೇ ಅರ್ಥ.

ಈ ಆಜ್ಞೆ ಪೂರ್ತಿಯಾಗಿ ಕೈಗೂಡಲಿಲ್ಲ. ಮೂರು ವರ್ಷಗಳೊಳಗೆ, 1799ರ ಮೇ 4ರಂದು, ಆಜ್ಞೆ ಮಾಡಿದವನೇ ಕೋಟೆಯ ಬಾಗಿಲಲ್ಲಿ ಮಡಿದನು.

ಅಲ್ಲಿಂದ ಮುಂದೆ ಏನಾಯಿತು? ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಕಂಪನಿಗೆ ಇಲ್ಲಿಯ ಹಡಗುಕಟ್ಟೆ ಬೇಡವಾಗಿತ್ತು; ಇಲ್ಲಿಯ ಸಾಗವಾನಿ ಬೇಕಾಗಿತ್ತು. ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರಸಿ ಬಡಗಿಗಳು 1736ರಿಂದ ಹಡಗುಗಳನ್ನು ಕಟ್ಟುತ್ತಿದ್ದರು. ಯುರೋಪಿನ ಓಕ್ ಮರದಲ್ಲಿ ಹುಳಿ ಅಂಶವಿರುವುದರಿಂದ ಅದು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ನಮ್ಮ ಸಾಗವಾನಿಯಲ್ಲಿ ಎಣ್ಣೆಯಿದೆ. ಮೊಳೆಯೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಇಂಗ್ಲೆಂಡಿನ ವಿಕ್ಟರಿ ಎಂಬ ಒಂದು ಯುದ್ಧನೌಕೆಗೆ ಸುಮಾರು 6,000 ಮರಗಳು ಬೇಕಾದುವೆಂದು ಹೇಳುತ್ತಾರೆ. ಒಂದು ಹಡಗೆಂದರೆ ಒಂದು ಅಡವಿ. ಇದಕ್ಕಾಗಿಯೇ ಕಂಪನಿಯು 1806ರಲ್ಲಿ ವಾಟ್ಸನ್ ಎಂಬ ಕಪ್ತಾನನನ್ನು ಅರಣ್ಯಗಳ ಮೇಲೆ ಅಧಿಕಾರಿಯನ್ನಾಗಿ ನೇಮಿಸಿತು. ಕನ್ನಡ ಜಿಲ್ಲೆಯ ಮತ್ತು ಮಲಬಾರಿನ ಮರ ಮುಂಬಯಿಗೆ ಸಾಗತೊಡಗಿತು. ನಮ್ಮ ದಂಡೆಗಳು ಖಾಲಿ ಬಿದ್ದವು.

ಬಾಂಧವರೆ, ಈ ಕಥೆಯನ್ನು ನಾನು ಪುಸ್ತಕದಲ್ಲಿ ಓದಿ ಬಹಳ ವರ್ಷಗಳಾದವು. ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಕರಾವಳಿಯ ಪ್ರವಾಸಕ್ಕೆ ಹೋಗಿದ್ದೆನು. ಮಕ್ಕಳಲ್ಲಿ ಬಹುಮಂದಿ ಕಡಲನ್ನು ಕಾಣುವುದು ಅದೇ ಮೊದಲು. ಮಂಗಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಮೆಟ್ಟಿಲೇರಿ ಮೇಲೆ ನಿಂತೆವು. ಗೋಡೆಯ ಕಿಂಡಿಗಳಲ್ಲಿ ಕಣ್ಣಿಟ್ಟರೆ ನದಿ, ಅದರಾಚೆ ತಣ್ಣೀರುಬಾವಿಯ ಮರಳದಿಬ್ಬ, ಅದರಾಚೆ ಕಡಲು. ಕೆಳಗಡೆ ಜನರನ್ನು ದಾಟಿಸುವ ದೋಣಿಗಳು. ನಾನು ಹುಮ್ಮಸ್ಸಿನಿಂದ ಹೈದರನ ಕಥೆ, ಟಿಪ್ಪುವಿನ 40 ಹಡಗುಗಳ ಕಥೆ ಎಲ್ಲವನ್ನೂ ಹೇಳಿದೆನು. ಆಗ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಕೇಳಿದನು: “ಗುರುಗಳ, ಇದು ಕಾವಲ ಕಾಯೋ ಜಾಗಾ ಆತು. ಹಡಗ ಕಟ್ಟಿದ ಜಾಗಾ ಎಲ್ಲೈತ್ರಿ?”

ನಾನು ನದಿಯ ದಂಡೆಯ ಕಡೆಗೆ ಕೈ ತೋರಿಸಿದೆನು. ಅಲ್ಲಿ ಮೀನಿನ ದೋಣಿಗಳು, ಮನೆಗಳು, ತೆಂಗಿನ ಮರಗಳು. “ಅಲ್ಲಿ ಏನೂ ಇಲ್ಲಲ್ರಿ” ಎಂದನು ಅವನು. ಇನ್ನೊಬ್ಬ ಹುಡುಗಿ ಮೆಲ್ಲಗೆ, “ಹಂಗಾರ ಗುರುಗಳಿಗೂ ಗೊತ್ತಿಲ್ಲ” ಎಂದಳು. ಮರುದಿನ ಮಿರ್ಜಾನಿನಲ್ಲಿಯೂ ಹಾಗೆಯೇ. ಅಘನಾಶಿನಿಯ ಬದಿಯ ಕೋಟೆ ಕೆಂಪು ಜಂಬಿಟ್ಟಿಗೆಯ ಗೋಡೆಗಳೊಡನೆ ಭವ್ಯವಾಗಿ ನಿಂತಿದೆ. ಪುರಾತತ್ತ್ವ ಇಲಾಖೆ ಅಗೆದು, ಶುದ್ಧಮಾಡಿ, ಹುಲ್ಲು ಹಾಸಿ ಕಾಪಾಡಿದೆ. ಏಳು ಮತ್ತು ಏಳು ಹಡಗುಗಳ ನೆಲೆ ಎಲ್ಲಿ? ಹುಡುಗನು ಈ ಸಲ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂಬುದೇ ನನಗೆ ಹೆಚ್ಚು ನೋವಾಯಿತು.

ಕಾವಲಿನ ಬುರುಜು ಉಳಿದು, ಅದು ಕಾದ ವಸ್ತು ಏಕೆ ಉಳಿಯಲಿಲ್ಲ? ಇದಕ್ಕೆ ಉತ್ತರ ಕಠಿಣವೇನಲ್ಲ. ಆ ಕಾಲದ ಹಡಗುಕಟ್ಟೆಯೆಂದರೆ ಕಟ್ಟಡವಲ್ಲ. ನದಿಯ ಮುಖದಲ್ಲಿ, ಅಲೆ ಬಡಿಯದ ಕಡೆ, ಇಳಿಜಾರಾದ ಒಂದು ದಂಡೆ. ಅಲ್ಲಿ ಮರದ ದಿಮ್ಮಿಗಳ ಹಾಸು. ಅದರ ಮೇಲೆ ಹಡಗಿನ ಬೆನ್ನೆಲುಬಿನಂಥ ಅಡಿಮರವನ್ನು ಇಡುವುದು. ಅದಕ್ಕೆ ಪಕ್ಕೆಲುಬುಗಳಂತೆ ಬಾಗಿದ ಮರಗಳನ್ನು ಜೋಡಿಸುವುದು. ಮೇಲೆ ಹಲಗೆ ಹೊಡೆಯುವುದು. ಹಲಗೆಯ ಸಂದುಗಳಿಗೆ ನಾರು ಅಥವಾ ಹತ್ತಿಯನ್ನು ತುರುಕಿ, ರಾಳವನ್ನೂ ಎಣ್ಣೆಯನ್ನೂ ಬಳಿಯುವುದು. ಭರತದ ನೀರು ದಂಡೆಗೆ ಏರಿದ ಹೊತ್ತು ನೋಡಿ ಹಡಗನ್ನು ನೀರಿಗೆ ಜಾರಿಸುವುದು. ಹಡಗು ಹೋದ ಮೇಲೆ ಅಲ್ಲಿ ಉಳಿಯುವುದು ಮರದ ಹೊಟ್ಟು, ನಾಲ್ಕು ಮುರುಕು ಮೊಳೆ, ಮತ್ತು ಇಳಿಜಾರು ನೆಲ. ಒಂದು ಮಳೆಗಾಲ ಸಾಕು. ನದಿ ಎಲ್ಲವನ್ನೂ ತೊಳೆದುಬಿಡುತ್ತದೆ.

ಕಲ್ಲು ಉಳಿಯುತ್ತದೆ, ಮರ ಅಳಿಯುತ್ತದೆ. ಇದನ್ನು ನಾವು ವಿಜಯಪುರದವರು ಬೇರೆಯವರಿಂದ ಕಲಿಯಬೇಕಾಗಿಲ್ಲ. ಗಗನಮಹಲಿನ ಎದುರು ನಿಂತು ನೋಡಿರಿ. ಆ ವಿಶಾಲವಾದ ಕಮಾನು ಇದೆ. ಒಳಗಿನ ಮರದ ಕೆಲಸವೆಲ್ಲ ಹೋಗಿದೆ. ಕಲ್ಲು, ಲೋಹಗಳೂ ತಾವಾಗಿ ಉಳಿಯುವುದಿಲ್ಲ. ಯಾರಾದರೂ ಉಳಿಸಿದರೆ ಉಳಿಯುತ್ತವೆ. ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಇಂದು ದೂರದೂರದಿಂದ ಜನ ಬರುತ್ತಾರೆ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಈ ತೋಪನ್ನು 1854ರಲ್ಲಿ ಹಳೆಯ ಲೋಹವೆಂದು ಹರಾಜಿಗೆ ಹಾಕಿದ್ದರು. ಸವಾಲು ನಿಂತದ್ದು 150 ರೂಪಾಯಿಗೆ. ಕೊನೆಯ ಗಳಿಗೆಯಲ್ಲಿ ಮಾರಾಟವನ್ನು ರದ್ದುಮಾಡಿದರು. ಒಂದು ಕಾಗದಕ್ಕೆ ಒಂದು ರುಜು ಬೀಳದೆ ಹೋಗಿದ್ದರೆ ಆ ಸಿಂಹಮುಖದ ಮಲಿಕ್-ಎ-ಮೈದಾನ್ ಇಂದು ತಂಬಿಗೆ ತಪ್ಪಲೆಗಳಾಗಿ ಯಾರದೋ ಅಡಿಗೆಮನೆಯಲ್ಲಿ ಇರುತ್ತಿತ್ತು.

ಹಡಗುಗಳ ಸಂಗತಿಯೂ ಹೀಗೆಯೆ. 1817ರಲ್ಲಿ ಮುಂಬಯಿಯ ವಾಡಿಯಾಗಳು ಮಲಬಾರಿನ ಸಾಗವಾನಿಯಿಂದ ಟ್ರಿಂಕೋಮಲಿ ಎಂಬ ಯುದ್ಧನೌಕೆಯನ್ನು ಕಟ್ಟಿದರು. ಆ ಹಡಗು ಇಂದಿಗೂ ತೇಲುತ್ತಿದೆ. ಎಲ್ಲಿ? ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ. 1987ರಲ್ಲಿ ಅದನ್ನು ಅಲ್ಲಿಗೆ ತಂದು ಹತ್ತು ವರ್ಷಕ್ಕೂ ಮಿಕ್ಕಿ ದುಡಿದು ಮೊದಲಿನ ರೂಪಕ್ಕೆ ತಂದರು. ನಮ್ಮ ಪಡುಗಡಲ ಘಟ್ಟದ ಮರ, ನಮ್ಮ ದೇಶದ ಬಡಗಿಯ ಕೈ, ಕಾಪಾಡಿದವರು ಅವರು. ಇದರಲ್ಲಿ ಅವರನ್ನು ಬೈಯುವುದಕ್ಕೆ ಏನೂ ಇಲ್ಲ. ನಮ್ಮನ್ನು ನಾವು ಕೇಳಿಕೊಳ್ಳುವುದಕ್ಕೆ ಇದೆ. ನಮ್ಮ ದೇಶದ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ 1961ರಿಂದ 1997ರವರೆಗೆ ಸೇವೆ ಸಲ್ಲಿಸಿತು. ಕೆಲವು ವರ್ಷ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿ ಇತ್ತು. ನಡೆಸುವ ವೆಚ್ಚ ಹೊರಲಾರದೆ 2014ರಲ್ಲಿ ಅದನ್ನು ಒಡೆದರು. ಅಲ್ಲಿಗೆ ಅಲ್ಲ, ಇನ್ನೊಂದು ಸಮಾಧಾನದ ಮಾತೂ ಉಂಟು. ಚಪಲ ಎಂಬ ಸಣ್ಣ ಯುದ್ಧನೌಕೆಯನ್ನು ಕಾರವಾರದ ಕಡಲತಡಿಯಲ್ಲಿ ನೆಲದ ಮೇಲೆ ನಿಲ್ಲಿಸಿ ಕಾಪಾಡಿದ್ದಾರೆ. ನಮ್ಮ ಮಕ್ಕಳು ಅದರ ಒಳಹೊಕ್ಕು ನೋಡಿದರು.

ನೆಲದಲ್ಲಿ ಹುಗಿದುಹೋದ ನೆಲೆಯನ್ನು ಮತ್ತೆ ಹುಡುಕುವುದು ಸಾಧ್ಯವೆ ಎಂದು ತಾವು ಕೇಳಬಹುದು. ಸಾಧ್ಯವೆಂದು ತೋರಿಸಿದವರು ನಮ್ಮವರೇ ಒಬ್ಬರು. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ 1922ರಲ್ಲಿ ಹುಟ್ಟಿದ ಡಾ. ಎಸ್. ಆರ್. ರಾಯರು 1954ರಲ್ಲಿ ಗುಜರಾತಿನ ಲೋಥಲ್ ಎಂಬ ದಿಬ್ಬವನ್ನು ಗುರುತಿಸಿದರು. ಅಲ್ಲಿ ಇನ್ನೂರು ಮೀಟರಿಗೂ ಉದ್ದವಾದ, ಸುಟ್ಟ ಇಟ್ಟಿಗೆಯ ಒಂದು ಕಟ್ಟೆ ಅಗೆತದಲ್ಲಿ ಹೊರಬಂದಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹಡಗುಕಟ್ಟೆ ಅದು ಎಂದು ಅವರು ಪ್ರತಿಪಾದಿಸಿದರು. ಅಲ್ಲ, ಅದು ಕೆರೆ ಎಂದು ವಾದಿಸಿದ ವಿದ್ವಾಂಸರೂ ಉಂಟು. ವಾದ ನಡೆಯಲಿ, ವಾದ ಮಾಡುವುದಕ್ಕಾದರೂ ವಸ್ತು ಉಳಿದಿರಬೇಕಲ್ಲವೆ? ನಮ್ಮ ಹೊನ್ನಾವರ, ಮಿರ್ಜಾನ, ಸದಾಶಿವಗಡಗಳ ದಂಡೆಗಳಲ್ಲಿ ಕೆಸರಿನಡಿಯಲ್ಲಿ ಒಂದು ಮರದ ಹಾಸು ಇದ್ದರೂ ಇರಬಹುದು. ಕೆಸರಿನಲ್ಲಿ ಗಾಳಿ ಸೋಕದೆ ಹುಗಿದ ಮರ ಶತಮಾನಗಳ ಕಾಲ ಕೊಳೆಯದೆ ಇರುವುದುಂಟು. ಸೇತುವೆಗೋ ರಸ್ತೆಗೋ ಮನೆಗೋ ಅಡಿಪಾಯ ತೋಡುವಾಗ ಒಂದು ಹಳೆಯ ದಿಮ್ಮಿ ಸಿಕ್ಕರೆ ಅದನ್ನು ಒಲೆಗೆ ಹಾಕುವ ಮುಂಚೆ ನಾಲ್ಕು ಜನಕ್ಕೆ ತೋರಿಸುವಷ್ಟು ತಿಳಿವಳಿಕೆ ನಮ್ಮಲ್ಲಿ ಬರಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಿಕೊಳ್ಳದೆ ಮುಂದೆ ಹೋದರೆ ಅದು ಸತ್ಯಕ್ಕೆ ಸಲ್ಲುವ ಮಾತಾಗದು. ಯುದ್ಧದ ಹಡಗು ಕಟ್ಟಿದ ಜಾಗವನ್ನು ಏಕೆ ಕಾಪಾಡಬೇಕು? ಅದೂ ಹೈದರ್-ಟಿಪ್ಪುಗಳದನ್ನು? ಕರಾವಳಿಯ ನೆನಪಿನಲ್ಲಿ ಆ ಕಾಲ ಒಂದೇ ಬಣ್ಣದ್ದಲ್ಲ. 1784ರಲ್ಲಿ ಮಂಗಳೂರು ಸೀಮೆಯ ಕ್ರೈಸ್ತ ಕುಟುಂಬಗಳನ್ನು ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ದಾರಿಯಲ್ಲಿ ಸತ್ತವರು ಎಷ್ಟೋ ಜನ. ಅವರ ಮಕ್ಕಳ ಮಕ್ಕಳು ಅದನ್ನು ಮರೆತಿಲ್ಲ. ಮರೆಯಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕಾಪಾಡುವುದೆಂದರೆ ಹೊಗಳುವುದಲ್ಲ. ನೆಲವನ್ನು ಉಳಿಸಿದರೆ ಹೆಮ್ಮೆಪಡುವವನೂ ಅಲ್ಲಿ ನಿಲ್ಲಬಹುದು, ಕಣ್ಣೀರು ಹಾಕುವವನೂ ನಿಲ್ಲಬಹುದು. ಅಳಿಸಿಬಿಟ್ಟರೆ ಇಬ್ಬರಿಗೂ ನಿಲ್ಲುವ ಜಾಗವಿಲ್ಲ. ಮತ್ತು, ಬಾಂಧವರೆ, ಹಡಗನ್ನು ಅರಸ ಕಟ್ಟಲಿಲ್ಲ. ಬಡಗಿ ಕಟ್ಟಿದನು, ಕಮ್ಮಾರ ಕಟ್ಟಿದನು, ಹಗ್ಗ ಹೊಸೆಯುವವನು ಕಟ್ಟಿದನು. ಅರಸನ ಹೆಸರು ಪುಸ್ತಕದಲ್ಲಿದೆ. ಅವರ ಹೆಸರು ಎಲ್ಲಿಯೂ ಇಲ್ಲ. ಅವರಿಗೆ ಇದ್ದ ಒಂದೇ ಗುರುತು ಆ ದಂಡೆ.

ಇದನ್ನು ಹೇಳುವಾಗ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ನಮ್ಮೂರಿನಲ್ಲಿ ಒಬ್ಬ ಬಡಿಗೇರ ಅಜ್ಜನಿದ್ದನು. ಬೇವಿನ ಮರದ ಕೆಳಗೆ ಕುಳಿತು ಚಕ್ಕಡಿ ಮಾಡುತ್ತಿದ್ದನು. ಅವನಿಗೆ ಅಂಗಡಿಯಿಲ್ಲ, ಗೋಡೆಯಿಲ್ಲ. ಮರದ ನೆರಳೇ ಅವನ ಕಾರಖಾನೆ. ಯಾವ ಜಾಲಿಯನ್ನು ಯಾವ ತಿಂಗಳಲ್ಲಿ ಕಡಿಯಬೇಕು, ಗುಂಬಕ್ಕೆ ಯಾವ ಮರ, ಈಸಿಗೆ ಯಾವ ಮರ, ಕಾಯಿಸಿದ ಹಳಿಯನ್ನು ಗಾಲಿಗೆ ತೊಡಿಸಿ ಯಾವ ಗಳಿಗೆಗೆ ನೀರು ಹೊಯ್ಯಬೇಕು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಪಂಡಿತ ಪರೀಕ್ಷೆ ಮುಗಿಸಿ ಊರಿಗೆ ಬಂದ ಹೊಸತರಲ್ಲಿ ಅವನು ನನಗೆ ಹೇಳಿದ್ದನು: “ತಮ್ಮಾ, ನೀ ದೊಡ್ಡ ಪಂಡಿತ ಆಗಿ ಬಂದಿ. ನನ್ನ ಚಕ್ಕಡಿ ಮಾತೆಲ್ಲಾ ಒಂದು ವಹಿಯೊಳಗ ಬರದ ಇಡಲಾ.” ನಾನು ಆಗ ಹಳಗನ್ನಡ ಕಾವ್ಯಗಳ ಅರ್ಥಕೋಶದಲ್ಲಿ ಮುಳುಗಿದ್ದೆನು. ಬರೆಯೋಣ ಅಜ್ಜಾ, ರಜೆ ಬರಲಿ ಎಂದೆನು. ಹಲವು ರಜೆಗಳು ಬಂದು ಹೋದವು. ಅಜ್ಜನೂ ಹೋದನು. ಈಗ ಬೇವಿನ ಮರವಿಲ್ಲ. ಆ ಜಾಗದಲ್ಲಿ ಮೊಬೈಲ್ ಮಾರುವ ಅಂಗಡಿಗಳ ಸಾಲು ಇದೆ. ಸುಲ್ತಾನ್ ಬತ್ತೇರಿಯ ಮೇಲೆ ಆ ಹುಡುಗ “ಅಲ್ಲಿ ಏನೂ ಇಲ್ಲಲ್ರಿ” ಎಂದಾಗ ನನ್ನ ಕಣ್ಣಿಗೆ ಕಂಡದ್ದು ಮಂಗಳೂರಿನ ದಂಡೆಯಲ್ಲ, ಆ ಬೇವಿನ ಮರ. ನೂರಾರು ವರ್ಷ ಹಿಂದಿನ ಶಬ್ದಗಳ ಅರ್ಥವನ್ನು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ನನ್ನ ಎದುರಿಗೇ ಜೀವಂತವಾಗಿದ್ದ ನೂರು ಶಬ್ದಗಳನ್ನು ಕೈಯಾರೆ ಕಳೆದೆನು.

ಆದುದರಿಂದ ಇಂದು ಕರಾವಳಿಯಲ್ಲಿ ಕುಳಿತು ಈ ಮಾತನ್ನು ಕೇಳುವವರಲ್ಲಿ, ಓದುವವರಲ್ಲಿ ನನ್ನದೊಂದು ವಿನಂತಿ. ತಮ್ಮಲ್ಲಿ ಮರದ ದೋಣಿ ಕಟ್ಟುವ ಬಡಗಿಗಳು ಇನ್ನೂ ಕೆಲವರು ಇದ್ದಾರೆ. ಮರದ ಜಾಗಕ್ಕೆ ಫೈಬರ್ ಬಂದಿದೆ, ಉಕ್ಕು ಬಂದಿದೆ. ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಆದರೆ ಪತ್ತೆಮಾರಿ, ಮಂಜಿ, ಮಚವೆಗಳ ಒಂದೊಂದು ಅಂಗಕ್ಕೂ ಅವರಲ್ಲಿ ಕನ್ನಡ, ತುಳು, ಕೊಂಕಣಿ ಹೆಸರುಗಳಿವೆ. ಅಳತೆಗೆ ಲೆಕ್ಕವಿದೆ, ಮರ ಆರಿಸುವುದಕ್ಕೆ ವಿಧಿಯಿದೆ, ನೀರಿಗಿಳಿಸುವಾಗ ಮಾಡುವ ಪೂಜೆಯಿದೆ. ಕೇರಳದ ಬೇಪೂರಿನಲ್ಲಿ ಉರು ಎಂಬ ದೊಡ್ಡ ಮರದ ಹಡಗನ್ನು ಇಂದಿಗೂ ನಕಾಶೆಯಿಲ್ಲದೆ ಬರಿಯ ಕಣ್ಣಳತೆಯಿಂದ ಕಟ್ಟುವ ಮೇಸ್ತ್ರಿಗಳು ಇದ್ದಾರೆ. ನಮ್ಮ ದಂಡೆಯಲ್ಲಿ ಇರುವಷ್ಟನ್ನು ಬರೆದಿಡಿರಿ. ಇದಕ್ಕೆ ಸರಕಾರದ ಅಪ್ಪಣೆ ಬೇಡ, ಹಣ ಬೇಡ. ಒಂದು ವಹಿ, ಒಂದು ಲೇಖಣಿ, ಕೇಳುವ ತಾಳ್ಮೆ, ಇಷ್ಟು ಸಾಕು. ಶಾಲೆಯ ಮಕ್ಕಳೇ ಮಾಡಬಹುದಾದ ಕೆಲಸ. ಊರಿನ ಹಳಬರು ಯಾವ ದಂಡೆಗೆ ಯಾವ ಹೆಸರು ಹೇಳುತ್ತಾರೆ, ಯಾವ ಕೇರಿಯಲ್ಲಿ ಬಡಗಿಗಳಿದ್ದರು ಎಂಬುದನ್ನೂ ಬರೆಯಲಿ. ಜಾಗದ ಹೆಸರುಗಳು ಕಲ್ಲಿಗಿಂತ ಗಟ್ಟಿ. ಅರಸೊತ್ತಿಗೆಗಳು ಹೋದರೂ ಅವು ಉಳಿಯುತ್ತವೆ.

ಮತ್ತು ಒಳನಾಡಿನ ನಮ್ಮವರಿಗೂ ಇದೇ ಮಾತು. ನಮಗೆ ಹಡಗಿಲ್ಲದಿದ್ದರೇನು? ಚಕ್ಕಡಿಯುಂಟು, ಮಗ್ಗವುಂಟು, ಗಾಣವುಂಟು. ಕಟ್ಟಿದವರಲ್ಲಿ ಒಬ್ಬರಾದರೂ ಇರುವಾಗಲೇ ಕೇಳಿಕೊಳ್ಳಿರಿ. ರಜೆ ಬರಲಿ ಎನ್ನಬೇಡಿರಿ.

ಪ್ರವಾಸದ ಕೊನೆಯ ದಿನ ಕಾರವಾರದಲ್ಲಿದ್ದೆವು. ಟಿಪ್ಪುವು ಹದಿನಾಲ್ಕು ಹಡಗುಗಳನ್ನು ಕಟ್ಟಿಸಬೇಕೆಂದಿದ್ದ ಸದಾಶಿವಗಡ ಕಾಳೀನದಿಯ ಆಚೆ ದಡದಲ್ಲಿದೆ. ಈಚೆ, ಊರಿನ ದಕ್ಷಿಣಕ್ಕೆ, ಇಂದು ಭಾರತದ ನೌಕಾಪಡೆಯ ದೊಡ್ಡ ನೆಲೆಯಿದೆ. 1986ರ ಅ‌ಕ್ಟೋಬರ್ 24ರಂದು ಅದಕ್ಕೆ ಅಡಿಗಲ್ಲು ಬಿತ್ತು. 2005ರ ಮೇ 31ರಂದು ಕದಂಬ ಎಂಬ ಹೆಸರಿನಿಂದ ಅದು ನೌಕಾಪಡೆಗೆ ಸೇರಿತು. ಬನವಾಸಿಯ, ಗೋವೆಯ ಕದಂಬರ ಹೆಸರು. ಹಡಗನ್ನೇ ನೀರಿನಿಂದ ಎತ್ತಿ ನೆಲಕ್ಕೆ ತಂದು ದುರಸ್ತಿ ಮಾಡುವ ಯಂತ್ರ ಅಲ್ಲಿದೆ. ಆ ನೆಲೆಗಾಗಿ ಹಲವು ಊರುಗಳ ಜನ ತಮ್ಮ ಮನೆ, ತೋಟ, ದೇವರ ಗುಡಿಗಳನ್ನು ಬಿಟ್ಟು ಎದ್ದರು. ಅವರ ಊರುಗಳ ಹೆಸರನ್ನೂ ಯಾರಾದರೂ ಬರೆದಿಟ್ಟಿರಲಿ ಎಂದು ನನ್ನ ಮನಸ್ಸು ಹಾರೈಸಿತು.

ಆ ಸಂಜೆ ಕಡಲತಡಿಯಲ್ಲಿ, ಪ್ರಶ್ನೆ ಕೇಳಿದ್ದ ಹುಡುಗ ನನ್ನ ಬಳಿ ಬಂದು ತನ್ನ ವಹಿಯನ್ನು ತೋರಿಸಿದನು. ಸುಲ್ತಾನ್ ಬತ್ತೇರಿಯ ಕೆಳಗೆ ದೋಣಿ ದಾಟಿಸುವವನನ್ನು ಕೇಳಿ, ದೋಣಿಯ ಭಾಗಗಳ ಹೆಸರುಗಳನ್ನು ಅವನು ಬರೆದುಕೊಂಡಿದ್ದನು. ಹನ್ನೊಂದು ಶಬ್ದಗಳಿದ್ದವು. ಅವುಗಳಲ್ಲಿ ನಾಲ್ಕು ನನಗೆ ಗೊತ್ತಿರಲಿಲ್ಲ.